ಹೋಗಿ ಬರ್ತೀನಿ ಅಂದ ತಪ್ಪಿಗೆ

ಪಾಂಡವಪುರ

ಅರವತ್ತೆಂಟರ ವಯಸ್ಸಿನಲ್ಲಿ ಒಬ್ಬಳೇ ಜಪಾನಿಗೆ ಹೋಗುತ್ತೇನೆ ಅಂದಾಗ ನಮ್ಮ ಮನೆಯಲ್ಲಿ ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೆ ಅನುಕೂಲವಾಗುತ್ತಿತ್ತು, ನಾನೂ ಕೂಗಾಡಬಹುದಿತ್ತು. ಮಗ ಮಹೇಶ ಮುದ್ದೆ ಮುರಿಯುತ್ತ, “ಆಯ್ತು ಬುಡವ್ವ, ಮಳೆಗಾಲ ಕಳೀಲಿ, ನೋಡಾನ” ಅಂದ. ನಮ್ಮ ಕಡೆ ‘ನೋಡಾನ’ ಅಂದರೆ ಆಗುವುದಿಲ್ಲ ಎಂದು ಅರ್ಥ. ಹಳ್ಳಿ ಶಾಲೆಯಲ್ಲಿ ಮೇಡಂ ಆಗಿದ್ದವಳು ನಾನು. ಶಾಲೆಗೆ ಕಾಂಪೌಂಡು ಬೇಕು ಎಂದು ಕೇಳಿದಾಗಲೆಲ್ಲ ಸಿಕ್ಕಿದ್ದು ಅದೇ ಉತ್ತರ, ಹಾಗಾಗಿ ಆ ಪದದ ಪರಿಚಯ ಚೆನ್ನಾಗಿತ್ತು.

ಜಪಾನೇ ಯಾಕೆ ಎಂದು ಎಲ್ಲರೂ ಕೇಳಿದರು. ದೊಡ್ಡ ಕಾರಣವಿಲ್ಲ. ತೊಣ್ಣೂರಿನಲ್ಲಿ ನಾನು ಪಾಠ ಮಾಡುತ್ತಿದ್ದ ಶಾಲೆಯ ಗೋಡೆಯ ಮೇಲೆ ಒಂದು ಭೂಪಟವಿತ್ತು. ಅದರ ಬಲಗಡೆಯ ಅಂಚನ್ನು ಗೆದ್ದಲು ತಿಂದಿತ್ತು. ಜಪಾನ್ ಇರಬೇಕಾದ ಕಡೆ ಒಂದು ತೂತು. ನಾನು ಬೆತ್ತದ ತುದಿಯನ್ನು ಆ ತೂತಿಗೆ ಇಟ್ಟು, ಇದೇ ಜಪಾನ್, ಇಲ್ಲಿ ಸೂರ್ಯ ಬೇಗ ಹುಟ್ಟುತ್ತಾನೆ ಎಂದು ವರ್ಷವರ್ಷವೂ ಪಾಠ ಮಾಡಿದೆ. ಮಕ್ಕಳು ತೂತಿನೊಳಗೆ ಬೆರಳು ಹಾಕಿ ಸುಣ್ಣದ ಗೋಡೆ ಮುಟ್ಟಿ ನೋಡುತ್ತಿದ್ದವು. ನಿವೃತ್ತಿಯಾದ ಮೇಲೆ ಆ ತೂತಿನಲ್ಲಿ ನಿಜವಾಗಿ ಏನಿದೆ ಎಂದು ನೋಡುವ ಆಸೆ ಬಂತು.

ಒಬ್ಬಳೇ ಯಾಕೆ ಎಂಬ ಪ್ರಶ್ನೆಗೂ ನನ್ನಲ್ಲಿ ಉತ್ತರವಿತ್ತು. ಯಜಮಾನರು ತೀರಿಕೊಂಡ ಮೇಲೆ ಮಗ ಸೊಸೆ ಸೇರಿ ನನ್ನನ್ನು ಒಂದು ಗುಂಪಿನ ಜೊತೆ ಸಿಂಗಾಪುರಕ್ಕೆ ಕಳಿಸಿದ್ದರು. ಮುಂದೆ ಒಬ್ಬ ಬಾವುಟ ಹಿಡಿದು ನಡೆಯುತ್ತಿದ್ದ, ಹಿಂದೆ ನಾವು. ಬಸ್ಸು ಹತ್ತುವಾಗಲೂ ಇಳಿಯುವಾಗಲೂ ತಲೆ ಎಣಿಸುತ್ತಿದ್ದ. ಬೆಳಿಗ್ಗೆ ಉಪ್ಪಿಟ್ಟು, ರಾತ್ರಿ ಅನ್ನ ಸಾರು. ಸಿಂಗಾಪುರದಲ್ಲಿ ನಾನು ಚೆನ್ನಾಗಿ ನೋಡಿದ್ದು ಮೈಸೂರಿನ ಒಬ್ಬ ದಪ್ಪನೆಯ ಹೆಂಗಸಿನ ಬೆನ್ನನ್ನು. ಇನ್ನೊಮ್ಮೆ ಹೋದರೆ ಒಬ್ಬಳೇ ಹೋಗಬೇಕು, ನನ್ನಿಂದ ಆಗುತ್ತದೋ ಇಲ್ಲವೋ ನಾನೇ ನೋಡಿಕೊಳ್ಳಬೇಕು ಎಂದು ಆಗಲೇ ತೀರ್ಮಾನಿಸಿದ್ದೆ.

ನನಗೆ ಬುದ್ಧಿ ಹೇಳಲು ಬಿಂಡಿಗನವಿಲೆಯಿಂದ ತಮ್ಮ ನಿಂಗೇಗೌಡನನ್ನು ಕರೆಸಿದರು. ಅವನು ಕುರಿ ಸಾಕಿಕೊಂಡಿದ್ದಾನೆ. ಗುಂಪು ಬಿಟ್ಟು ಹೋದ ಪ್ರಾಣಿಯ ಗತಿ ಏನಾಗುತ್ತದೆ ಎಂಬುದರಲ್ಲಿ ಅವನಿಗೆ ಅನುಭವವಿದೆ.

“ಅಲ್ಲಿ ದಿನಾ ಭೂಮಿ ಅಲ್ಲಾಡ್ತದಂತೆ ಕಣಕ್ಕ. ಇಲ್ಲಿ ಮೆಟ್ಲತ್ತೋಕೇ ಮಂಡಿ ನೋವು ಅಂತೀಯ. ಯಾವ್ಯಾವ ಊರ್ಗೋಯ್ತೀಯ, ಯೋಳು ನೋಡಾನ.”

“ಒಸಾಕಾ, ಒನೊಮಿಚಿ, ಬೆಪ್ಪು.”

“ಬೆಪ್ಪಾ?” ಅವನಿಗೆ ನಗು ತಡೆಯಲಾಗಲಿಲ್ಲ. “ಬೆಪ್ಪಾಗೋಕೆ ಅಷ್ಟು ದೂರ ಯಾಕಕ್ಕ ಓಗ್ಬೇಕು? ಇಲ್ಲೇ ಇದ್ರೂ ಆಯ್ತದಲ್ಲ.”

ಆ ನಗುವಿನಿಂದಲೇ ಅರ್ಧ ಕೆಲಸವಾಯಿತು. ಇನ್ನರ್ಧ ಮಾಡಿದವಳು ಸೊಸೆ ಸವಿತ. ಶ್ರೀರಂಗಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡುವ ಅವಳು ದಿನವೂ ಒಬ್ಬಳೇ ಬಸ್ಸಿನಲ್ಲಿ ಹೋಗಿ ಬರುವವಳು. ನನ್ನ ಫೋನಿಗೆ ಮಾತು ತಿರುಗಿಸುವ ಉಪಾಯ ಹಾಕಿಕೊಟ್ಟಳು. “ನೀವು ಕನ್ನಡದಲ್ಲೇ ಮಾತಾಡಿ ಅತ್ತೆ, ಅದೇ ಅವರ ಭಾಷೇಲಿ ಹೇಳುತ್ತೆ” ಅಂದಳು. ಕೊನೆಗೆ ಮಹೇಶ ಒಂದು ಷರತ್ತು ಹಾಕಿ ಒಪ್ಪಿದ.

“ಓಗವ್ವ, ಬ್ಯಾಡ ಅನ್ನಕಿಲ್ಲ. ಆದ್ರೆ ಒಂದೇ ಒಂದು ಎಡವಟ್ಟಾದ್ರೂ ಇದೇ ಕೊನೆ. ಆಮೇಕೆ ಎಲ್ಗೋದ್ರೂ ಗುಂಪಲ್ಲಿ, ಇಲ್ಲಾಂದ್ರೆ ನಮ್ ಜೊತೇಲಿ.”

ನಾನು ಒಪ್ಪಿಕೊಂಡೆ. ಉಳಿಯುವ ಮನೆಗಳನ್ನೆಲ್ಲ ಅವನೇ ಕಂಪ್ಯೂಟರಿನಲ್ಲಿ ಗೊತ್ತುಮಾಡಿ, ಎಲ್ಲ ಕಡೆಗೂ ನನ್ನ ನಂಬರಿನ ಬದಲು ತನ್ನ ನಂಬರನ್ನೇ ಕೊಟ್ಟ. ಏನಾದರೂ ಆದರೆ ಮೊದಲು ತನಗೆ ತಿಳಿಯಲಿ ಎಂದು. ಎಡವಟ್ಟು ಅಲ್ಲಿಂದಲೇ ಶುರುವಾಯಿತು ಎಂದು ಈಗ ಅನ್ನಿಸುತ್ತದೆ.

ಒಸಾಕಾ

ಒಸಾಕಾದ ಲೋಕಲ್ ರೈಲಿನಲ್ಲಿ ಅಷ್ಟು ಜನ ಸೇರಿಕೊಂಡು ಅಷ್ಟು ಸುಮ್ಮನೆ ಇರುತ್ತಾರೆ ಎಂದು ನನಗೆ ಯಾರೂ ಹೇಳಿರಲಿಲ್ಲ. ನನ್ನ ಫೋನಿನ ಸದ್ದು ಕೋಳಿ ಕೂಗುವುದು. ಕಿವಿ ಸ್ವಲ್ಪ ಮಂದ, ಬೇರೆ ಸದ್ದು ಹಾಕಿದರೆ ಕೇಳುವುದಿಲ್ಲ. ಮಧ್ಯಾಹ್ನ ತುಂಬಿದ ಬೋಗಿಯಲ್ಲಿ ಆ ಕೋಳಿ ಕೂಗಿತು. ಚೀಲದ ತಳದಿಂದ ಅದನ್ನು ಹುಡುಕಿ ತೆಗೆಯುವಷ್ಟರಲ್ಲಿ ಮೂರು ನಾಲ್ಕು ಸಲ ಕೂಗಿತು.

“ಅವ್ವ, ಊಟ ಆಯ್ತಾ?”

“ಆಯ್ತು ಕಣಪ್ಪ, ರೈಲಲ್ಲಿವ್ನಿ!” ಎಂದು ಹೊಲದ ಆ ಬದುವಿನಲ್ಲಿರುವವರಿಗೆ ಹೇಳುವ ಹಾಗೆ ಹೇಳಿದೆ.

ಒಬ್ಬರೂ ತಿರುಗಿ ನೋಡಲಿಲ್ಲ. ನೋಡಬಾರದು ಎಂದು ಎಲ್ಲರೂ ಕಷ್ಟಪಡುತ್ತಿದ್ದದ್ದು ಮಾತ್ರ ಅವರ ಕುತ್ತಿಗೆಯಲ್ಲಿ ಕಾಣುತ್ತಿತ್ತು. ನಮ್ಮ ಬಸ್ಸಿನಲ್ಲಾಗಿದ್ದರೆ ಯಾರಮ್ಮ ಫೋನು, ಮಗನಾ, ಎಲ್ಲವ್ನೆ ಎಂದು ಕೇಳಿ, ನದಿ ದಾಟಿ ಶ್ರೀರಂಗಪಟ್ಟಣ ಸೇರುವಷ್ಟರಲ್ಲಿ ಅವನಿಗೆ ಹೆಣ್ಣುಮಕ್ಕಳೆಷ್ಟು ಎಂಬುದನ್ನೂ ತಿಳಿದುಕೊಳ್ಳುತ್ತಿದ್ದರು. ಇಲ್ಲಿ ಎರಡು ದಿನ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಮುದುಕಿ, ಸೀರೆ ಉಟ್ಟವಳು, ಕೈಯಲ್ಲಿ ನಕ್ಷೆ, ಒಬ್ಬಳೇ. ಆದರೂ ಒಬ್ರೇ ಬಂದ್ರಾ ಎಂಬ ಮಾತಿಲ್ಲ. ಮೊದಲ ದಿನ ಅದು ನನಗೆ ಹಾಯೆನ್ನಿಸಿತು. ಎರಡನೆಯ ದಿನ ಸ್ವಲ್ಪ ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಊಟ ನಾನು ಹೆದರಿದಷ್ಟು ಕಷ್ಟವಾಗಲಿಲ್ಲ. ಉಡೋನ್ ಎಂದು ಬೆರಳು ಗಾತ್ರದ ಗೋಧಿ ಶಾವಿಗೆಯನ್ನು ಬಿಸಿ ಸಾರಿನಲ್ಲಿ ಹಾಕಿ ಕೊಡುತ್ತಾರೆ. ಜನ ಅದನ್ನು ಸೊರಸೊರ ಸದ್ದು ಮಾಡಿ ಹೀರುತ್ತಾರೆ, ಅಗಿಯುವುದು ಕಡಿಮೆ. ಮುದ್ದೆ ನುಂಗಿ ಬೆಳೆದವಳಿಗೆ ಅಗಿಯದೆ ತಿನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸದ್ದು ಮಾಡುವುದನ್ನು ಮಾತ್ರ ಹೊಸದಾಗಿ ಕಲಿತೆ. ಚಿಕ್ಕಂದಿನಲ್ಲಿ ಸಾರು ಸೊರ್ ಎಂದು ಕುಡಿದರೆ ನಮ್ಮವ್ವ ಸೌಟಿನಲ್ಲಿ ಕೊಡುತ್ತಿದ್ದಳು.

ಈ ದೇಶದಲ್ಲಿ ಒಂದು ಒಳ್ಳೆಯ ಏರ್ಪಾಡಿದೆ. ನಮ್ಮ ಪೆಟ್ಟಿಗೆಯನ್ನು ಒಂದು ಕಡೆ ಕೊಟ್ಟರೆ ಅದು ನಮಗಿಂತ ಮೊದಲೇ ಮುಂದಿನ ಊರಿಗೆ ಹೋಗಿ ಕಾಯುತ್ತದೆ. ನಮ್ಮಲ್ಲಿ ಕಂಡಕ್ಟರ ಕೈಗೆ ಗಂಟು ಕೊಟ್ಟು, ನಾಗಮಂಗಲದಲ್ಲಿ ಇಂಥವರು ಬಂದು ತಗೋತಾರೆ ಅನ್ನುತ್ತೇವಲ್ಲ, ಅದೇ. ನಾನು ದೊಡ್ಡ ಪೆಟ್ಟಿಗೆಯನ್ನು ನೇರ ಬೆಪ್ಪುವಿಗೆ ಕಳಿಸಿ, ಹೆಗಲಿಗೆ ಒಂದು ಚೀಲ ಹಾಕಿಕೊಂಡು ಒನೊಮಿಚಿಗೆ ಹೊರಟೆ.

ಒನೊಮಿಚಿ

ಒನೊಮಿಚಿ ಬೆಟ್ಟಕ್ಕೂ ಸಮುದ್ರಕ್ಕೂ ನಡುವೆ ಇರುಕಿಕೊಂಡಿರುವ ಊರು. ಸಮುದ್ರ ಅಂದರೂ ಎದುರಿಗೇ ಇನ್ನೊಂದು ದ್ವೀಪವಿದೆ. ನಡುವಿನ ನೀರು ತುಂಬಿದ ಕಾವೇರಿಯಷ್ಟೇ ಅಗಲ ಕಾಣುತ್ತದೆ. ದೋಣಿಯಲ್ಲಿ ಸೈಕಲ್ಲು ಸಮೇತ ಜನ ಆ ದಡಕ್ಕೆ ಹೋಗುತ್ತಾರೆ, ಬರುತ್ತಾರೆ. ಮನೆಗಳೆಲ್ಲ ಬೆಟ್ಟದ ಮೇಲೆ, ದಾರಿಯೆಲ್ಲ ಮೆಟ್ಟಿಲು. ಮಹೇಶ ಗೊತ್ತುಮಾಡಿದ್ದ ಮನೆ ನಡುಬೆಟ್ಟದಲ್ಲಿತ್ತು. ಹತ್ತಿ ಮುಗಿಸಿದಾಗ ತಮ್ಮನ ಮಾತು ನೆನಪಾಯಿತು, ಆದರೆ ಅದನ್ನು ಅವನಿಗೆ ಹೇಳುವ ಅಗತ್ಯ ಕಾಣಲಿಲ್ಲ.

ಮನೆಯೊಡತಿ ಫುಮಿಕೊ ಎಂಬತ್ತರ ಹತ್ತಿರದ ಹೆಂಗಸು. ಬೆನ್ನು ಬಾಗಿದೆ, ನಡಿಗೆ ಚುರುಕು. ಅತಿಥಿಗಳಿಗೆ ಎರಡು ಕೋಣೆ ಇಟ್ಟುಕೊಂಡು ಒಬ್ಬರೇ ಎಲ್ಲ ನಡೆಸುತ್ತಾರೆ. ಬಾಗಿಲ ಬಳಿ ಒಂದು ಟ್ಯಾಬ್ಲೆಟ್ಟು. ನಾನು ಅದರಲ್ಲಿ ಕನ್ನಡ ಹುಡುಕಿ ಒತ್ತಿಕೊಟ್ಟೆ. ಅವರು ಅದರ ಮೂತಿಗೆ ಏನೋ ಹೇಳಿದರು. ಅದು ಹಳೆಯ ರೇಡಿಯೋ ವಾರ್ತೆಯ ದನಿಯಲ್ಲಿ ಹೇಳಿತು: “ನೀವು ಒಬ್ಬರೇ ಬಂದಿದ್ದೀರಾ? ನಿಮ್ಮ ಕುಟುಂಬ ಚಿಂತಿಸುವುದಿಲ್ಲವೇ?”

ನನಗೆ ಎಷ್ಟು ಸಂತೋಷವಾಯಿತು ಅಂದರೆ, ಚಪ್ಪಲಿಯನ್ನೂ ಬಿಡದೆ ಅಲ್ಲೇ ನಿಂತು ಮನೆಯ ಕಥೆಯನ್ನೆಲ್ಲ ಹೇಳಿದೆ. ಅವರೂ ಹೇಳಿದರು. ಮಗಳು ಹಿರೊಶಿಮಾದಲ್ಲಿದ್ದಾಳೆ. ಫುಮಿಕೊ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅವಳಿಗೆ ಒಂದು ಬೆಕ್ಕಿನ ಚಿತ್ರ ಕಳಿಸಬೇಕು. ಬೆಕ್ಕು ಬರಲಿಲ್ಲವೆಂದರೆ ಅವಳು ಪಕ್ಕದ ಮನೆಯವರಿಗೆ ಫೋನು ಮಾಡುತ್ತಾಳೆ. ಟ್ಯಾಬ್ಲೆಟ್ಟು ಹೇಳಿತು: “ಬೆಕ್ಕು ಇಲ್ಲದಿದ್ದರೆ ನಾನು ಸತ್ತ ಹಾಗೆ. ಬಹಳ ಕಿರಿಕಿರಿ.” ನಾವಿಬ್ಬರೂ ನಕ್ಕೆವು.

ಆ ಮನೆಯಲ್ಲಿ ಸಂಜೆ ಆರಕ್ಕೆ ಊಟ. ಮೊದಲ ಸಂಜೆ ನಾನು ದೋಣಿಯಲ್ಲಿ ಆ ದಡಕ್ಕೂ ಈ ದಡಕ್ಕೂ ಓಡಾಡಿ ತಡವಾಗಿ ಬಂದೆ. ಫುಮಿಕೊ ತಟ್ಟೆಗಳನ್ನು ಮುಚ್ಚಿಟ್ಟು, ತಾವೂ ತಿನ್ನದೆ ಕೂತಿದ್ದರು. ಬೇಸರ ತೋರಿಸಲಿಲ್ಲ. ನನಗೆ ಮಾತ್ರ ನನ್ನ ಅತ್ತೆಯ ಮುಂದೆ ನಿಂತ ಹಾಗಾಯಿತು. ಬೆಳಿಗ್ಗೆ ಹೊರಟರೆ ಗೇಟಿನವರೆಗೆ ಬಂದು, ನಾನು ಮೆಟ್ಟಿಲ ತಿರುವಿನಲ್ಲಿ ಮರೆಯಾಗುವವರೆಗೂ ಕೈ ಬೀಸುತ್ತಿದ್ದರು.

ಇನ್ನೂ ಒಂದು ರಾತ್ರಿ ಅಲ್ಲೇ ಇರಬೇಕಿತ್ತು. ಮಳೆ ಬರುತ್ತದೆ ಎಂದು ಫೋನು ತೋರಿಸಿತು. ಒದ್ದೆ ಮೆಟ್ಟಿಲಿಗೆ ಹೆದರಿ ಒಂದು ದಿನ ಮುಂಚೆಯೇ ಬೆಪ್ಪುವಿಗೆ ಹೋಗಲು ತೀರ್ಮಾನಿಸಿ, ಅಲ್ಲಿಯ ಮನೆಗೆ ಕೇಳಿದೆ. ಕೋಣೆ ಖಾಲಿ ಇತ್ತು. ರಾತ್ರಿ ಊಟವಾದ ಮೇಲೆ ಟ್ಯಾಬ್ಲೆಟ್ಟಿಗೆ, “ನಾಳೆ ನಾನು ಬೆಪ್ಪು” ಅಂದೆ. ಅದು ಏನೋ ಹೇಳಿತು. ಫುಮಿಕೊ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ಬಹಳ ಹೊತ್ತು ನಕ್ಕರು. ಇಷ್ಟು ವಿಶ್ವಾಸದಿಂದ ಕಳಿಸಿಕೊಡುತ್ತಿದ್ದಾರಲ್ಲ ಎಂದು ನಾನೂ ನಕ್ಕೆ. ಆ ಯಂತ್ರಕ್ಕೆ ಊರಿನ ಹೆಸರಿಗಿಂತ ಕನ್ನಡ ಚೆನ್ನಾಗಿ ಬರುತ್ತಿತ್ತು ಎಂಬುದು ಆಗ ಗೊತ್ತಾಗಲಿಲ್ಲ. ನಾಳೆ ನಾನು ಪೆದ್ದಿ ಎಂದೇ ಅವರಿಗೆ ಕೇಳಿಸಿತ್ತು.

ಬೆಳಿಗ್ಗೆ ಹಾಸಿಗೆ ಮಡಿಸಿಟ್ಟೆ. ಮನೆಯ ಚಟ್ನಿಪುಡಿಯ ಒಂದು ಪೊಟ್ಟಣವನ್ನು ನೆನಪಿಗಿರಲಿ ಎಂದು ಮೇಜಿನ ಮೇಲಿಟ್ಟೆ. ಬಾಗಿಲಲ್ಲಿ ಕೈ ಮುಗಿದು, ಟ್ಯಾಬ್ಲೆಟ್ಟಿಗೆ ಹೇಳಿದೆ: “ಹೋಗಿ ಬರ್ತೀನಮ್ಮ.”

ಇನ್ನೇನು ಹೇಳಬೇಕಿತ್ತು? ಹೋಗ್ತೀನಿ ಅನ್ನುವುದುಂಟೆ! ಹುಟ್ಟಿದಾಗಿನಿಂದ ಆ ಮಾತು ನನ್ನ ಬಾಯಲ್ಲಿ ಬಂದಿಲ್ಲ. ಬಂದರೆ ಬಿಡ್ತು ಅನ್ನು ಅನ್ನುತ್ತಾರೆ. ಹೋಗುವವರು ಸತ್ತವರು, ಬದುಕಿರುವವರು ಹೋಗಿ ಬರುತ್ತಾರೆ. ಮತ್ತೆಂದೂ ಕಾಲಿಡದ ಮನೆಯಿಂದ ಹೊರಡುವಾಗಲೂ ಹೋಗಿ ಬರ್ತೀನಿ ಅನ್ನಬೇಕು. ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದು ಬರಬೇಕು.

ಟ್ಯಾಬ್ಲೆಟ್ಟು ಅದನ್ನು ಜಪಾನಿಯಲ್ಲಿ ಹೇಳಿತು. ಫುಮಿಕೊ ಮುಖ ಅರಳಿಸಿ, “ಇತ್ತೆರಾಶಾಯ್!” ಅಂದರು. ಗೇಟಿನಲ್ಲಿ ನಿಂತು ಎಂದಿನ ಹಾಗೆ ಕೈ ಬೀಸಿದರು. ನಾನೂ ತಿರುವಿನಲ್ಲಿ ನಿಂತು ಬೀಸಿದೆ.

ಬೆಪ್ಪು

ಬೆಪ್ಪು ಊರಿನ ನೆಲದಿಂದಲೇ ಹೊಗೆ ಏಳುತ್ತದೆ. ಚರಂಡಿಯಿಂದ, ಗೋಡೆ ಸಂದಿಯಿಂದ, ಅಂಗಳದ ಕೊಳವೆಯಿಂದ ಬಿಸಿ ಆವಿ. ಊರಿಗೆ ಊರೇ ಹಂಡೆ ಒಲೆ ಹಚ್ಚಿಕೊಂಡ ಹಾಗಿದೆ. ಬಿಸಿನೀರಿನ ಬುಗ್ಗೆಗಳಲ್ಲಿ ಕೂತು ಮೀಯುವುದಕ್ಕೆಂದೇ ಜನ ಇಲ್ಲಿಗೆ ಬರುತ್ತಾರೆ. ನಾನು ಉಳಿದ ಮನೆಯ ಕೆಳಗಡೆಯೇ ಹೆಂಗಸರ ಸ್ನಾನದ ಕೊಳವಿತ್ತು. ನನ್ನ ಪೆಟ್ಟಿಗೆ ಮೊದಲೇ ಬಂದು ಬಾಗಿಲಲ್ಲಿ ಕಾಯುತ್ತಿತ್ತು. ಫೋನನ್ನು ಕೋಣೆಯಲ್ಲಿ ಚಾರ್ಜಿಗೆ ಹಾಕಿ, ಸಂಜೆ ಕೆಳಗಿಳಿದೆ.

ಅಲ್ಲಿ ಮೈಮೇಲೆ ಒಂದು ನೂಲೂ ಇರಬಾರದು. ಶ್ರೀರಂಗಪಟ್ಟಣದ ಹೊಳೆ ಮೆಟ್ಟಿಲಲ್ಲಿ ಲಂಗವನ್ನು ಎದೆಗೆ ಕಟ್ಟಿಕೊಂಡು ಮುಳುಗಿ ಏಳುವುದು ನಮಗೆ ಗೊತ್ತಿರುವ ಸ್ನಾನ. ನಾನು ಬಾಗಿಲಲ್ಲೇ ಬಹಳ ಹೊತ್ತು ನಿಂತೆ. ಒಳಗೆ ನನಗಿಂತ ಮುದುಕಿಯರು ತಮ್ಮ ಪಾಡಿಗೆ ಮೈ ತಿಕ್ಕಿಕೊಳ್ಳುತ್ತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ರೈಲಿನಲ್ಲಿ ನನಗೆ ಬೇಜಾರು ತರಿಸಿದ್ದ ಆ ಗುಣ ಇಲ್ಲಿ ಉಪಕಾರಕ್ಕೆ ಬಂತು. ಕಣ್ಣು ಮುಚ್ಚಿಕೊಂಡು ಒಳಗೆ ಹೋದೆ. ಟವೆಲನ್ನು ನೀರಿಗೆ ಅದ್ದಲು ಹೊರಟಾಗ ಪಕ್ಕದ ಅಜ್ಜಿ ಅದನ್ನು ಕಿತ್ತುಕೊಂಡು, ನಾಲ್ಕು ಮಡಿಕೆ ಮಾಡಿ ನನ್ನ ತಲೆಯ ಮೇಲಿಟ್ಟರು. ಅವರ ತಲೆಯ ಮೇಲೂ ಹಾಗೇ ಇತ್ತು.

ಕುತ್ತಿಗೆವರೆಗೆ ಬಿಸಿನೀರು. ಮಂಡಿಯ ನೋವು ಎಲ್ಲಿಗೆ ಹೋಯಿತೋ ತಿಳಿಯಲಿಲ್ಲ. ನನಗೆ ತುಂಬಾ ಸುಖವಾಯಿತು. ಯಾರ ಅಮ್ಮನೂ ಯಾರ ಅತ್ತೆಯೂ ಅಲ್ಲದೆ ಅಷ್ಟು ಹೊತ್ತು ಕೂತದ್ದು ನೆನಪಿಲ್ಲ. ನಾನು ಇಲ್ಲಿಗೆ ಒಬ್ಬಳೇ ಬಂದೆ, ನನ್ನಿಂದ ಆಯಿತು ಎಂದುಕೊಂಡೆ. ಆಮೇಲೆ ಪಕ್ಕದ ಹಜಾರದ ಚಾಪೆಯ ಮೇಲೆ ಒರಗಿದವಳಿಗೆ ನಿದ್ದೆ ಹತ್ತಿತು. ಎದ್ದು ಕೋಣೆಗೆ ಬಂದಾಗ ಫೋನು ಕೂಗಿ ಕೂಗಿ ಸುಸ್ತಾಗಿತ್ತು. ಮಹೇಶನ ಕರೆಗಳು ಪರದೆ ತುಂಬಾ.

ವಿಡಿಯೋ ಹಾಕಿ ಮಾಡಿದೆ. ಎತ್ತಿದವಳು ಸವಿತ. ನನ್ನ ಮುಖ ನೋಡಿದವಳೇ ಕಿಟಾರನೆ ಕಿರುಚಿ ಫೋನು ಬೀಳಿಸಿದಳು. ಸ್ವಲ್ಪ ಹೊತ್ತು ನಮ್ಮ ನಡುಮನೆಯ ಫ್ಯಾನು ಮಾತ್ರ ಕಂಡಿತು. ಆಮೇಲೆ ತಲೆಗಳು, ಒಂದರ ಮೇಲೊಂದು. ಎದುರುಮನೆಯವರು, ಹಾಲಿನ ಡೈರಿಯವರು. ಸೋಫಾ ಹೊರಗೆ ಹಾಕಿ ನಡುಮನೆ ಖಾಲಿ ಮಾಡಿದ್ದರು. ಅಳುತ್ತಿದ್ದ ನಿಂಗೇಗೌಡ ಫೋನಿನ ಹತ್ತಿರ ಮೂಗು ತಂದ.

“ಅಕ್ಕಾ! ನೀನೇನಾ?”

“ಇನ್ಯಾರ್ಲಾ?”

“ತಲೆ ಮ್ಯಾಲೆ ಅದೇನಕ್ಕ ಬಿಳೀದು?”

ಟವೆಲು ಇನ್ನೂ ತಲೆಯ ಮೇಲೇ ಇತ್ತು. ತೆಗೆದೆ. ಆಗ ಮಹೇಶ ಫೋನು ತೆಗೆದುಕೊಂಡ. ಅವನ ಕಣ್ಣು ಕೆಂಪಗಿತ್ತು.

“ಅವ್ವ, ನೀನು ಓಗ್ಬುಟ್ಟೆ ಅಂದ್ಬುಟ್ರು ಕಣವ್ವ.”

ನಡೆದದ್ದು ಇಷ್ಟು. ಒನೊಮಿಚಿಯಲ್ಲಿ ಸಂಜೆ ಆರಾಯಿತು. ಫುಮಿಕೊ ಊಟ ಹಾಕಿ ಕಾದರು. ಮೇಜಿನ ಮೇಲೆ ನಾನಿಟ್ಟ ಚಟ್ನಿಪುಡಿ ಇದೆ, ಸಾಮಾನು ಬಿಟ್ಟು ಹೋದವಳು ಬರಲೇಬೇಕು. ಕತ್ತಲಾಯಿತು, ಮಳೆ ಹಿಡಿಯಿತು. ದೋಣಿ ಕಟ್ಟೆಗೆ ಹೋಗಿ ನೋಡಿಬಂದರು. ಕೊನೆಗೆ ತಮ್ಮಲ್ಲಿದ್ದ ಒಂದೇ ನಂಬರಿಗೆ, ಮಹೇಶನ ನಂಬರಿಗೆ, ಫೋನು ಮಾಡಿ ಟ್ಯಾಬ್ಲೆಟ್ಟನ್ನು ಅದರ ಬಾಯಿಗೆ ಹಿಡಿದರು. ತನ್ನ ಅಂಗಡಿಯಲ್ಲಿ ಬೂಸದ ಮೂಟೆ ಇಳಿಸಿಕೊಳ್ಳುತ್ತಿದ್ದ ನನ್ನ ಮಗನ ಕಿವಿಗೆ ಆ ವಾರ್ತೆಯ ದನಿ ಶುದ್ಧ ಕನ್ನಡದಲ್ಲಿ ಹೇಳಿತು: “ನಿಮ್ಮ ತಾಯಿ ಹೋದರು. ಮತ್ತೆ ಬರಲಿಲ್ಲ. ನಮಗೆ ಅತ್ಯಂತ ವಿಷಾದವಾಗಿದೆ.”

ಜಪಾನಿನವರು ಮಾತಿಗೊಮ್ಮೆ ವಿಷಾದ ಹೇಳುತ್ತಾರೆ ಎಂದು ಮಹೇಶನಿಗೆ ಹೇಗೆ ಗೊತ್ತಾಗಬೇಕು? ಅವನು ಮತ್ತೆ ಮತ್ತೆ ಕೇಳಿದ. ಅದು ಮತ್ತೆ ಮತ್ತೆ ಹೇಳಿತು. ನನಗೆ ಮಾಡಿದರೆ ನಾನು ಎತ್ತುತ್ತಿಲ್ಲ.

ಇದನ್ನು ಕೇಳಿ ನನಗೆ ಮೊದಲು ನಗು ಬಂತು. ಅವನು ನಗಲಿಲ್ಲ.

“ಸಾಕು ಕಣವ್ವ. ನಾಳೇನೇ ವಾಪಸ್ ಬಂದ್ಬುಡು. ಟಿಕೀಟು ನಾನು ಮಾಡ್ತೀನಿ.”

“ಟಿಕೆಟ್ಟು ಇರೋ ದಿನಕ್ಕೇ ಬತ್ತೀನಿ ಕಣಪ್ಪ. ನಂಗೇನೂ ಆಗಿಲ್ಲ.”

“ನಿಂಗಾಗಿಲ್ಲ. ನಮ್ಗಾಯ್ತಲ್ಲ!” ಅಂದ. “ಮಾತು ಅಂದ್ರೆ ಮಾತು. ಇದೇ ಕೊನೆ” ಎಂದು ಫೋನಿಟ್ಟ.

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನನ್ನ ಮಗ ನನಗಾಗಿ ಅತ್ತದ್ದನ್ನು ನೋಡಿ ಸಂಕಟವಾಯಿತು, ಒಳಗೊಳಗೆ ಒಂದಿಷ್ಟು ಸಮಾಧಾನವೂ ಆಯಿತು, ಹಾಗಾದದ್ದಕ್ಕೆ ನಾಚಿಕೆಯೂ ಆಯಿತು. ಎಲ್ಲಕ್ಕಿಂತ ಹೆಚ್ಚಾಗಿ ದುಃಖವಾಯಿತು. ಬಿಸಿನೀರಿನಲ್ಲಿ ಕೂತು ನನ್ನಿಂದ ಆಯಿತು ಅಂದುಕೊಂಡ ಹೊತ್ತಿನಲ್ಲೇ ಎಲ್ಲ ಮುಗಿದುಹೋಗಿತ್ತು.

ಅಷ್ಟರಲ್ಲಿ ಸವಿತಳ ಸಂದೇಶ ಬಂತು. ಬಂದಿದ್ದ ಜನ ಈಗ ಒಂದು ಪೇಚಿಗೆ ಸಿಕ್ಕಿದ್ದರು. ಎದ್ದು ಹೊರಡುವಾಗ ಹೋಗಿ ಬತ್ತೀವಿ ಅನ್ನಬೇಕೋ, ಸಾವಿನ ಮನೆಯಲ್ಲಿ ಮಾಡುವ ಹಾಗೆ ಸುಮ್ಮನೆ ಹೋಗಬೇಕೋ ಯಾರಿಗೂ ತಿಳಿಯದೆ, ಎಲ್ಲರೂ ಕೂತೇ ಇದ್ದಾರೆ, ಕಾಫಿ ಕಾಸುತ್ತಿದ್ದೇನೆ ಎಂದು ಬರೆದಿದ್ದಳು.

ಮತ್ತೆ ಒನೊಮಿಚಿ

ಬೆಪ್ಪುವಿನ ಮನೆಯ ಕೌಂಟರಿನ ಹೆಂಗಸಿಗೆ ಇಂಗ್ಲಿಷ್ ಬರುತ್ತಿತ್ತು. ಅವರಿಂದ ಆ ರಾತ್ರಿಯೇ ಫುಮಿಕೊಗೆ ಫೋನು ಮಾಡಿಸಿ, ಬದುಕಿದ್ದೇನೆ ಎಂದು ಹೇಳಿಸಿದೆ. ಆಮೇಲೆ ಅವರು ನನಗೆ ಬಿಡಿಸಿ ಹೇಳಿದರು. ಹೊರಡುವಾಗಿನ ನನ್ನ ಮಾತನ್ನು ಟ್ಯಾಬ್ಲೆಟ್ಟು ತಪ್ಪು ಹೇಳಿರಲಿಲ್ಲ, ಸರಿಯಾಗಿಯೇ ಹೇಳಿತ್ತು. ಅವರಲ್ಲೂ ಆ ಮಾತಿದೆ: ‘ಇತ್ತೆ ಕಿಮಾಸ್’, ಹೋಗಿ ಬರ್ತೀನಿ. ಮನೆಯವರ ಉತ್ತರ ‘ಇತ್ತೆರಾಶಾಯ್’, ಹೋಗಿ ಬಾ. ವ್ಯತ್ಯಾಸ ಒಂದೇ. ಅಲ್ಲಿ ಹಾಗೆ ಅಂದವರು ಸಂಜೆ ಬರುತ್ತಾರೆ. ಇಷ್ಟು ದೂರ ಬಂದು ನಮ್ಮದೇ ಮಾತು ಕಿವಿಗೆ ಬಿದ್ದಾಗ ಖುಷಿಯಾಗಬೇಕಿತ್ತು. ಆ ಹೊತ್ತಿನಲ್ಲಿ ಸಿಟ್ಟು ಬಂತು.

ಬರ್ತೀನಿ ಅಂದಮೇಲೆ ಬರಬೇಕು. ಬೆಪ್ಪುವಿನಲ್ಲಿ ಇನ್ನು ಮನಸ್ಸು ನಿಲ್ಲಲಿಲ್ಲ. ಉಳಿದ ದಿನಗಳಲ್ಲಿ ಒಂದನ್ನು ಕಡಿಮೆ ಮಾಡಿ, ಒಸಾಕಾಕ್ಕೆ ಹಿಂತಿರುಗುವ ದಾರಿಯಲ್ಲಿ ಒನೊಮಿಚಿಯಲ್ಲಿ ಇಳಿದು, ಒದ್ದೆ ಮೆಟ್ಟಿಲುಗಳನ್ನು ಕಂಬಿ ಹಿಡಿದು ಹತ್ತಿದೆ. ಫುಮಿಕೊ ಗೇಟಿನಲ್ಲಿ ನಿಂತಿದ್ದರು. ನನ್ನನ್ನು ನೋಡಿ ಸೊಂಟದವರೆಗೆ ಬಾಗಿ ಬಾಗಿ ಕ್ಷಮೆ ಕೇಳಿದರು. ನಾನು ಅವರ ಎರಡೂ ಕೈ ಹಿಡಿದು ಎತ್ತಿದೆ. ತಪ್ಪು ನನ್ನದು ಎಂದು ಟ್ಯಾಬ್ಲೆಟ್ಟಿಗೆ ಹೇಳಲು ಹೋದರೆ ಅವರು ಅದನ್ನು ಬೋರಲು ಹಾಕಿ, ಬೇಡ ಎಂದು ಕೈಯಾಡಿಸಿದರು.

ಸಂಜೆ ಆರಕ್ಕೆ ಸರಿಯಾಗಿ ನಾನು ನನ್ನ ಕುರ್ಚಿಯಲ್ಲಿದ್ದೆ. ಮೀನು, ಮೂಲಂಗಿ, ಅನ್ನ. ಅನ್ನದ ಮೇಲೆ ಫುಮಿಕೊ ಚಟ್ನಿಪುಡಿ ಉದುರಿಸಿಕೊಂಡು, ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡು ತಿಂದರು. ಊಟದ ನಡುವೆ ಮಹೇಶನಿಗೆ ವಿಡಿಯೋ ಮಾಡಲು ನನ್ನನ್ನು ಒತ್ತಾಯಿಸಿದರು. ಅವನು ಬಂದ ಕೂಡಲೇ ಪರದೆಗೆ ಬಾಗಿ ನಮಸ್ಕಾರ ಮಾಡಿದರು. ಹುಡುಕಲು ಮಳೆಯಲ್ಲಿ ಹೋದ ಅಜ್ಜಿ ಇವರೇ ಎಂದು ನಾನು ಹೇಳಿದೆ. ಅಲ್ಲಿ ಬೂಸದಂಗಡಿಯಲ್ಲಿ ನನ್ನ ಮಗ ತಕ್ಕಡಿ ಬಿಟ್ಟು ಎದ್ದು ನಿಂತು ಕೈ ಮುಗಿದ.

ಫುಮಿಕೊ ಟ್ಯಾಬ್ಲೆಟ್ಟಿಗೆ ಏನೋ ಹೇಳಿದರು. ಅದು ಅವನಿಗೆ ಹೇಳಿತು: “ನಿಮ್ಮ ತಾಯಿ ಚೆನ್ನಾಗಿ ನಡೆಯುತ್ತಾರೆ. ಊಟಕ್ಕೆ ಮಾತ್ರ ತಡವಾಗಿ ಬರುತ್ತಾರೆ.”

“ಅದು ನಮ್ಗೂ ಗೊತ್ತು ಕಣಮ್ಮ” ಅಂದ ಮಹೇಶ. ಷರತ್ತಿನ ಬಗ್ಗೆ ಅವನೂ ಏನೂ ಅನ್ನಲಿಲ್ಲ, ನಾನೂ ಎತ್ತಲಿಲ್ಲ.

ಮರುದಿನ ಹೊರಡುವಾಗ ಫುಮಿಕೊ ನನಗೆ ಒಂದು ಮಾತು ಕಲಿಸಿದರು. ಅತಿಥಿಗಳು ಕೊನೆಯದಾಗಿ ಹೊರಡುವಾಗ ಅದನ್ನು ಅನ್ನಬೇಕಂತೆ: ‘ಒಸೆವಾನಿ ನಾರಿಮಾಶ್ತಾ’. ನಿಮ್ಮ ಆರೈಕೆಯಲ್ಲಿದ್ದೆ ಎಂದು ಅರ್ಥ. ಒಳ್ಳೆಯ ಮಾತು, ಮುಂದಕ್ಕೆ ಏನನ್ನೂ ಒಪ್ಪಿಕೊಳ್ಳುವುದಿಲ್ಲ. ನಾಲ್ಕು ಸಲ ಹೇಳಿಸಿ, ಶಾಲೆಯ ಮಕ್ಕಳಿಗೆ ನಾನು ಮಗ್ಗಿ ಹೇಳಿಸುತ್ತಿದ್ದ ಹಾಗೆ ತಲೆಯಾಡಿಸಿದರು. ನಾನು ಹೇಳಿ ಹೊರಟೆ. ಅವರು ಎಂದಿನ ಹಾಗೆ ಗೇಟಿನಲ್ಲಿ ನಿಂತು ಕೈ ಬೀಸಿದರು.

ಶ್ರೀರಂಗಪಟ್ಟಣ

ಬೆಂಗಳೂರಿನಿಂದ ಬಂದ ರೈಲು ಇಳಿದಾಗ ಪಟ್ಟಣದ ಸ್ಟೇಷನ್ನಿನಲ್ಲಿ ಮಹೇಶ, ಸವಿತ, ನಿಂಗೇಗೌಡ ಮೂವರೂ ಇದ್ದರು. ಸವಿತ ಬ್ಯಾಂಕಿನಿಂದ ನೇರ ಬಂದಿದ್ದಳು. ಜೊತೆಗೆ ಹಾಲಿನ ಡೈರಿಯ ಒಬ್ಬರು, ಬೇರೆ ಕೆಲಸಕ್ಕೆಂದು ಬಂದವರು, ನನ್ನ ಮುಂಗೈ ಮುಟ್ಟಿ ನೋಡಿ, “ಇನ್ನು ನೂರು ವರ್ಸ ಬುಡಿ ಮೇಡಂ, ಸುಳ್ಳು ಸುದ್ದಿ ಬಂದ್ರೆ ಆಯಸ್ಸು ಗಟ್ಟಿ” ಅಂದರು. ರೈಲಿನ ಬಾಗಿಲಿಂದ ಕಾರಿನವರೆಗೆ ಏಳೆಂಟು ಜನ ಮಾತಾಡಿಸಿದರು. ಎಲ್ಲರೂ ಒಬ್ರೇ ಹೋಗಿದ್ರಾ ಎಂದೇ ಕೇಳಿದರು.

ಕಾರಿನಲ್ಲಿ ಮಹೇಶ ಓಡಿಸುತ್ತಿದ್ದ, ನಿಂಗೇಗೌಡ ಅವನ ಪಕ್ಕ. ಹಿಂದೆ ಸವಿತ ನನ್ನ ಕಿವಿಯಲ್ಲಿ ಹೇಳಿದಳು: “ಮಾವ ಆವತ್ತು ಎದೆ ಹೊಡ್ಕೊಂಡು ಅತ್ರು ಅತ್ತೆ. ಬೆಪ್ಪು ಅಂತ ಆಡ್ಕೊಂಡು ಕಳಿಸಿಬಿಟ್ಟೆನಲ್ಲ ನಮ್ಮಕ್ಕನ್ನ ಅಂತ.” ಮುಂದೆ ಕೂತ ತಮ್ಮನ ಬಿಳಿಯಾದ ಹಿಂದಲೆಯನ್ನು ನೋಡಿದೆ. ಅವನ ಮೇಲೆ ನನಗೆ ಬಹಳ ಪ್ರೀತಿ ಬಂತು. ಅವನು ಬಾಯಿ ತೆರೆಯುವವರೆಗೆ ಅದು ಹಾಗೇ ಇತ್ತು.

“ದೇವ್ರು ದೊಡ್ಡವ್ನು, ಬದುಕ್ ಬಂದೆ. ಇನ್ನು ಸಾಕಕ್ಕ. ನೋಡ್ದೆ ತಾನೆ? ಮನೇಲಿ ರಾಮಾ ಕೃಷ್ಣಾ ಅಂತ ಇದ್ಬುಡು. ಏನ್ಲಾ ಮಹೇಶ, ಮಾತು ಮಾತೇ ಅಲ್ವೇನ್ಲಾ?”

ರಸ್ತೆಯ ಮೇಲೆ ಕಬ್ಬಿನ ಟ್ರಾಕ್ಟರೊಂದು ಅಡ್ಡ ಬಂದಿತ್ತು. ಮಹೇಶ ಅದನ್ನು ದಾಟಿಸಿಕೊಂಡು ಮುಂದೆ ಓಡಿಸಿದ. ಷರತ್ತಿಗೆ ಒಪ್ಪಿದವಳು ನಾನೇ. ಎಡವಟ್ಟಾದದ್ದೂ ನಿಜ. ಕಿಟಕಿಯಾಚೆ ನಾಟಿ ಮುಗಿದ ಗದ್ದೆಗಳನ್ನು ನೋಡುತ್ತ ಕೂತೆ.

“ಅವ್ವ” ಅಂದ ಮಹೇಶ, ರಸ್ತೆಯಿಂದ ಕಣ್ಣು ತೆಗೆಯದೆ. “ಮುಂದ್ಲ ಸತಿ ಅಲ್ಲೆಲ್ಲ ಓಯ್ತೀನಿ ಅಂತ್ಲೇ ಅಂದ್ಬುಡು. ಪರವಾಗಿಲ್ಲ.”

“ಮುಂದ್ಲ ಸತಿನಾ!” ನಿಂಗೇಗೌಡ ಸೀಟಿನಲ್ಲೇ ತಿರುಗಿದ.

ಮಹೇಶ ಅವನ ಕಡೆ ನೋಡಲಿಲ್ಲ.

“ಬತ್ತೀನಿ ಅನ್ನೋದ ನಮ್ಗೆ ಮಾತ್ರ ಯೋಳು.”